ಮಡಿಕೆಯ ತಳದ ಗಸಿ



ಬಿಯರ್ ತಯಾರಿಸುವವರು ಯೀಸ್ಟನ್ನು ತಾವೇ ಹಾಕಿ ಸಾಕುತ್ತಾರೆ. ಅದು ಸಕ್ಕರೆ ತಿಂದು ಮುಗಿಸಿದ ಮೇಲೆ ತಂಪು ಕೊಟ್ಟು ತಳಕ್ಕಿಳಿಸಿ, ಗಸಿ ಕದಡದಂತೆ ಮೇಲಿನ ತಿಳಿಯನ್ನು ಬೇರೆ ಪಾತ್ರೆಗೆ ತೆಗೆಯುತ್ತಾರೆ. ನಮ್ಮಲ್ಲಿ ಪರವಾನಗಿಯಿಲ್ಲದೆ ಮನೆಯಲ್ಲಿ ಬಿಯರ್ ಮಾಡುವಂತಿಲ್ಲ. ಆದರೆ ಇದೇ ಯೀಸ್ಟು, ಇದೇ ಗಸಿ ತೆಂಗಿನ ತೋಟದಲ್ಲಿ ನೀರಾ ಇಳಿಸುವವರನ್ನೂ ಕಾಡುತ್ತವೆ. ಅಲ್ಲಿ ಕೆಲಸ ತಿರುಗುಮುರುಗು. ಯೀಸ್ಟ್ ಉಣ್ಣಲು ಕೂರುವ ಮೊದಲೇ ಅದನ್ನು ತಡೆಯಬೇಕು.

ಬಿರಿಯದ ಹೊಂಬಾಳೆಯನ್ನು ಹಗ್ಗದಿಂದ ಬಿಗಿದು, ಮೆಲ್ಲಗೆ ತಟ್ಟಿ, ತುದಿಯನ್ನು ದಿನಕ್ಕೆರಡು ಸಲ ತೆಳ್ಳಗೆ ಕೆತ್ತಿದರೆ ನೀರಾ ಎಂಬ ರಸ ತೊಟ್ಟಿಕ್ಕುತ್ತದೆ. ಆಗ ಅದರಲ್ಲಿ ನೂರಕ್ಕೆ ಸುಮಾರು 15 ಪಾಲು ಸಕ್ಕರೆ. ಹುಳಿಯ ಸುಳಿವೇ ಇಲ್ಲ. ಕೆತ್ತಿದ ಗಾಯದ ಮೇಲೆ, ಇರುವೆ–ನೊಣಗಳ ಮೈಯಲ್ಲಿ, ಸರಿಯಾಗಿ ತೊಳೆಯದ ಮಡಿಕೆಯ ಒಳಮೈಯಲ್ಲಿ ಯೀಸ್ಟ್ ಕಾದಿರುತ್ತದೆ. ಬೆಚ್ಚನೆಯ ಹವೆಯಲ್ಲಿ ಎರಡು ಗಂಟೆಗೊಮ್ಮೆ ಇಮ್ಮಡಿಸಿತು ಎಂದುಕೊಳ್ಳಿ. ಸಂಜೆ ಒಂದಿದ್ದ ಕಣ 12 ಗಂಟೆ ಕಳೆದು ಬೆಳಗಾಗುವಾಗ 64 ಆಗಿರುತ್ತದೆ.

ಸೋಸಿದರಾಯಿತಲ್ಲ ಎನ್ನುವವರಿದ್ದಾರೆ. ಬಟ್ಟೆಯಲ್ಲಿ ಇರುವೆ, ಪರಾಗ, ಹೊಂಬಾಳೆಯ ಚೂರು ನಿಲ್ಲುತ್ತವೆ. ಯೀಸ್ಟಿನ ಕಣವೋ, ಹೆಚ್ಚೆಂದರೆ ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು. ಬಟ್ಟೆಯನ್ನು ಸಲೀಸಾಗಿ ದಾಟುತ್ತದೆ. ತಿಳಿಯಾಗಲೆಂದು ಬಿಟ್ಟರೂ ಫಲವಿಲ್ಲ. ಹುದುಗುತ್ತಿರುವಷ್ಟು ಹೊತ್ತೂ ಇಂಗಾಲದ ಡೈಆಕ್ಸೈಡಿನ ಗುಳ್ಳೆಗಳು ಗಸಿಯನ್ನು ಮತ್ತೆ ಮತ್ತೆ ಮೇಲಕ್ಕೆತ್ತುತ್ತವೆ. ಗುಳ್ಳೆ ನಿಂತು ರಸ ತಿಳಿಯಾಗುವಷ್ಟರಲ್ಲಿ ಮಡಿಕೆಯಲ್ಲಿ ಉಳಿಯುವುದು ನೀರಾ ಅಲ್ಲ, ಶೇಂದಿ.

ಹಿಂದಿನವರು ಮಡಿಕೆಯ ಒಳಗೆ ಸುಣ್ಣ ಬಳಿದರು. ಸುಣ್ಣದ ಕ್ಷಾರದಲ್ಲಿ ಯೀಸ್ಟ್ ಬೆಳೆಯಲಾರದು. ಒಳ್ಳೆಯ ಉಪಾಯವೇ, ಆದರೆ ಸುಣ್ಣವೇ ಇನ್ನೊಂದು ಗಸಿಯಾಗಿ ತಳ ಹಿಡಿಯುತ್ತದೆ, ರಸಕ್ಕೆ ಬಿಳಿ ಮಬ್ಬು ಬರುತ್ತದೆ, ನಾಲಿಗೆಗೂ ತಾಗುತ್ತದೆ.

ಕಾಸರಗೋಡಿನಲ್ಲಿ 1916ರಲ್ಲಿ ತೆಂಗಿನ ಸಂಶೋಧನೆಗೆಂದು ಶುರುವಾದ ಕೇಂದ್ರ ಇಂದು ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾಗಿದೆ. ಅಲ್ಲಿನ ವಿಜ್ಞಾನಿಗಳು ಸುಣ್ಣವನ್ನೇ ಬಿಟ್ಟು ಮಂಜುಗಡ್ಡೆಯ ದಾರಿ ಹಿಡಿದರು. ಹೊಂಬಾಳೆಯ ತುದಿಗೆ ಮುಚ್ಚಿದ ಕೊಳವೆ, ಅದರ ಕೆಳಗೆ ಸುತ್ತಲೂ ಮಂಜುಗಡ್ಡೆ ತುಂಬಿದ ಪೆಟ್ಟಿಗೆ. ಇರುವೆಗೆ ದಾರಿಯಿಲ್ಲ, ಯೀಸ್ಟಿಗೆ ಬೆಚ್ಚಗಿನ ತಾವಿಲ್ಲ. ಹೀಗೆ ಇಳಿಸಿದ ರಸಕ್ಕೆ ಜೇನಿನ ಬಣ್ಣ. ಅದನ್ನು ಅವರು ಕಲ್ಪರಸ ಎಂದು ಕರೆದರು.

ಮಂಜುಗಡ್ಡೆ ಹೊತ್ತು ಮರ ಹತ್ತುವುದು ಸುಲಭದ ಮಾತಲ್ಲ, ಒಬ್ಬ ರೈತನಿಂದ ಆಗುವ ಖರ್ಚೂ ಅಲ್ಲ. ಹಾಲಿನಲ್ಲಿ ಇದೇ ತೊಡಕನ್ನು ನಮ್ಮ ಶಿವಮೊಗ್ಗ ಜಿಲ್ಲೆ ಕೂಡಿ ಬಿಡಿಸಿಕೊಂಡಿದೆ. ಹಳ್ಳಿಯ ಸಂಘದಲ್ಲಿ ಅಳೆದ ಹಾಲು ತಣ್ಣಗಾಗಿ ಮಾಚೇನಹಳ್ಳಿಯ ಡೇರಿ ಸೇರುತ್ತದೆ. ತಡವಾದರೆ ಒಡೆಯುತ್ತದೆಂಬುದು ಅಲ್ಲಿ ಎಲ್ಲರಿಗೂ ಗೊತ್ತು. ಶಿವಮೊಗ್ಗ–ಭದ್ರಾವತಿ ನಡುವಿನ ತೋಟಗಳ ನೀರಾಕ್ಕೂ ಅಂಥದೇ ಕೂಡು ವ್ಯವಸ್ಥೆ ಬೇಕೆಂದು ನಾನು ಬಲವಾಗಿ ನಂಬಿದ್ದೇನೆ. ಅಬಕಾರಿ ಇಲಾಖೆಯ ಪರವಾನಗಿಯಂತೂ ಬೇಕೇ ಬೇಕು.

ಇಷ್ಟಾದರೂ ಒಂದು ಮಡಿಕೆ ಹುಳಿದರೆ? ಅದನ್ನು ಬೆಲ್ಲಕ್ಕೆ ಕಾಯಿಸಬೇಡಿ. ಯೀಸ್ಟ್ ಸಕ್ಕರೆಯನ್ನು ಗ್ಲೂಕೋಸ್, ಫ್ರಕ್ಟೋಸ್ ಎಂದು ಒಡೆದಿರುತ್ತದೆ. ಪಾಕ ಅಂಟಾಗಿ ಉಳಿದು ಅಚ್ಚು ಕಟ್ಟುವುದಿಲ್ಲ. ಕಬ್ಬಿನ ಹಾಲು ಹುಳಿದರೆ ಏನಾಗುತ್ತದೆಂದು ಆಲೆಮನೆಯಲ್ಲಿ ದುಡಿದವರನ್ನು ಕೇಳಿ, ಇದನ್ನೇ ಹೇಳುತ್ತಾರೆ. ಹುಳಿದ ಮಡಿಕೆಯನ್ನು ಬೇರೆಯೇ ಇಡಿ. ಅದರಲ್ಲಿ ಅದ್ದಿದ ಸೌಟು ಕೂಡ ಕುದಿನೀರಿನಲ್ಲಿ ತೊಳೆಯುವತನಕ ಹೊಸ ರಸಕ್ಕೆ ಸೋಕಕೂಡದು.