ತೊಟ್ಟಿಲ ಬಳಿಯ ಪ್ರಶ್ನೆ



ನಮ್ಮ ಮಾನ್ವಿಯ ಸೀಮೆಯಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕಿದ ದಿನ, ನೆರೆದ ಹೆಂಗಸರು ಕುಲಾಯಿಯನ್ನು ಮೆಲ್ಲನೆ ಸರಿಸಿ, ‘ಯಾರ ಹಂಗ ಅದವ್ವಾ ಕೂಸು?’ ಎಂದು ಕೇಳುವುದಕ್ಕಿಂತ ಸಹಜವಾದ ಮಾತು ಬೇರೊಂದಿಲ್ಲ. ಆದರೆ ಅಜ್ಞಾತ ದಾನಿಯೊಬ್ಬನ ವೀರ್ಯದಿಂದ ಸಂತಾನವನ್ನು ಪಡೆದ ಮನೆಯಲ್ಲಿ ಅದೇ ಮಾತು ಹೊರಟಾಗ, ತಂದೆಯಾದವನು ಕೂಸಿನ ಮೂಗನ್ನೊಮ್ಮೆ, ಕೇಳಿದವರ ಮುಖವನ್ನೊಮ್ಮೆ ನೋಡಿ ಮೌನಿಯಾಗುವನು. ಆ ಮೌನದ ವಿಷಯವಾಗಿಯೇ ಈ ಸಂಜೆ ನಾಲ್ಕು ಮಾತನಾಡಬಯಸುವೆನು.

ಪರಬೀಜದ ಮಗು ಯಾರದೆಂಬ ಪ್ರಶ್ನೆ ಹೊಸದೇನಲ್ಲ. ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ‘ಮಿತಾಕ್ಷರ’ವನ್ನು ರಚಿಸಿದ ವಿಜ್ಞಾನೇಶ್ವರನು ಬಂಧುತ್ವವನ್ನು ಗೊತ್ತುಮಾಡುವ ಸಪಿಂಡತೆಯೆಂದರೆ ಒಂದೇ ಶರೀರದ ಅವಯವಗಳ ಸಂಬಂಧವೆಂದು ಅರ್ಥಮಾಡಿದನು, ಆತನು ವ್ಯಾಖ್ಯಾನ ಬರೆದ ಯಾಜ್ಞವಲ್ಕ್ಯಸ್ಮೃತಿಯಾದರೋ ಪರಬೀಜದಿಂದ ಹುಟ್ಟಿದ ಕ್ಷೇತ್ರಜನನ್ನೂ ಪುತ್ರರ ಎಣಿಕೆಯಲ್ಲಿ ಸೇರಿಸಿತ್ತು. ಮಹಾಭಾರತದಲ್ಲಿ ಅಂಬಿಕೆ ಕಣ್ಣು ಮುಚ್ಚಿದುದರಿಂದ ಧೃತರಾಷ್ಟ್ರನು ಅಂಧನಾದನು, ಅಂಬಾಲಿಕೆ ಬಿಳಿಚಿಕೊಂಡುದರಿಂದ ಪಾಂಡು ವಿವರ್ಣನಾದನು. ಮಕ್ಕಳ ರೂಪಕ್ಕೆ ಕಾರಣವನ್ನು ಕವಿಯು ವ್ಯಾಸನ ಮುಖದಲ್ಲಿ ಅರಸದೆ ತಾಯಂದಿರ ಆ ಕ್ಷಣದ ಭಯದಲ್ಲಿ ಕಂಡನೆಂಬುದು ನನಗೆ ಬಹಳ ಅರ್ಥಗರ್ಭಿತವಾಗಿ ತೋರುತ್ತದೆ. ಬೀಜ ವ್ಯಾಸನದಾದರೂ ಆ ಮಕ್ಕಳು ತಾಯಂದಿರ ಗತಿಸಿದ ಪತಿ ವಿಚಿತ್ರವೀರ್ಯನ ಮಕ್ಕಳೆಂದೇ ರಾಜ್ಯವನ್ನಾಳಿದರು, ಜನ್ಮವೃತ್ತಾಂತವನ್ನು ಯಾರೂ ಮರೆಮಾಚಲಿಲ್ಲ.

ಇಂದಿನ ಶಾಸನವೂ ಈ ದಾರಿಯಲ್ಲಿಯೇ ನಡೆದಿದೆ. 2021ರ ಸಹಾಯಕ ಸಂತಾನೋತ್ಪತ್ತಿ ತಂತ್ರಜ್ಞಾನ ನಿಯಂತ್ರಣ ಅಧಿನಿಯಮದಂತೆ 21ರಿಂದ 55 ವರ್ಷದೊಳಗಿನ ಪುರುಷನು ದಾನಿಯಾಗಬಹುದು. ಒಬ್ಬನ ವೀರ್ಯವನ್ನು ಒಂದಕ್ಕಿಂತ ಹೆಚ್ಚು ದಂಪತಿಗಳಿಗೆ ಕೊಡಲಾಗದು. ಹುಟ್ಟಿದ ಮಗು ದಂಪತಿಗಳದೇ ಜೈವಿಕ ಸಂತಾನವೆಂದು ಪರಿಗಣಿತವಾಗುವುದು.

ಇನ್ನು ಹೋಲಿಕೆಯ ಮಾತು: ಮಗುವಿನ ಜೀವಕೋಶದಲ್ಲಿರುವ ವರ್ಣತಂತುಗಳು 46, ಅವುಗಳಲ್ಲಿ 23 ತಾಯಿಯವು. ಆದುದರಿಂದ ಸೋದರಮಾವನ ಹುಬ್ಬೋ ಅಜ್ಜಿಯ ಗಲ್ಲದ ಗುಳಿಯೋ ಆ ಮುಖದಲ್ಲಿ ಮೂಡಿದರೆ ಆಶ್ಚರ್ಯವಿಲ್ಲ. ಉಳಿದುದು ದಾನಿಯದು, ಅದನ್ನು ಅಲ್ಲಗಳೆಯುವುದಾಗಲಿ, ಹೋಲಿಕೆಯ ಸುಳ್ಳು ಹೆಣೆದು ಮಗುವಿನಿಂದ ಬಚ್ಚಿಡುವುದಾಗಲಿ ಸಲ್ಲದೆಂದು ನಾನು ದೃಢವಾಗಿ ನಂಬಿರುವೆನು, ಏಕೆಂದರೆ ಕನ್ನಡಿಯ ಮುಂದೆ ನಿಂತು ತನ್ನ ಮುಖವನ್ನು ತಾನೇ ಓದುವ ವಯಸ್ಸು ಆ ಮಗುವಿಗೂ ಬರುತ್ತದೆ.

ಆದರೆ ರೂಪವೆಲ್ಲ ಬೀಜದ್ದಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಏರಿಯ ಮೇಲೆ ದತ್ತುಮಗನೊಬ್ಬನು ತಂದೆಯ ಹಿಂದೆ ನಡೆದುಹೋಗುವುದನ್ನು ಒಮ್ಮೆ ಕಂಡೆನು: ಬೆನ್ನ ಹಿಂದೆ ಕಟ್ಟಿದ ಕೈ, ತುಸು ಇಳಿದ ಎಡ ಹೆಗಲು, ಭತ್ತದ ಗದ್ದೆಯತ್ತ ನೋಡುವಾಗ ಕಿರಿದಾಗುವ ಕಣ್ಣು, ಎಲ್ಲವೂ ತಂದೆಯದೇ. ಎದುರಿಗೆ ಬಂದ ಮುದುಕಿಯೊಬ್ಬಳು, ‘ಥೇಟ್ ಅಪ್ಪನ ನಡಿಗಿ ನೋಡು’ ಎಂದಳು. ತಂದೆ ತಿರುಗಿ ನೋಡಿದನು. ಹುಡುಗನೂ ಹಾಗೆಯೇ, ಎಡ ಹೆಗಲ ಮೇಲಿನಿಂದ, ತಿರುಗಿ ನೋಡಿದನು.