ಬಿದ್ದ ಮರ, ಬರುವ ಬೇಸಗೆ

ಪಟ್ಟಣದಲ್ಲಿ ಉದ್ಯೋಗ, ಕಾಡಿನಂಚಿನಲ್ಲಿ ಒಂದು ತೋಟದ ಮನೆ: ಈ ಭಾಗ್ಯವುಳ್ಳ ಶ್ರೋತೃಗಳೊಡನೆ ನಾವು ಇಂದು ಒಂದು ಸಣ್ಣ ವಿಷಯವನ್ನು ಮಾತನಾಡಬೇಕೆಂದಿರುವೆವು. ಸಣ್ಣದೆಂದೆವು, ಅಲಕ್ಷಿಸಿದರೆ ಮನೆಯೇ ಹೋದೀತಾದುದರಿಂದ ಅದು ಅಷ್ಟು ಸರಿಯಾದ ಮಾತಲ್ಲ.

1997ರಲ್ಲಿ ದಾವಣಗೆರೆ ಜಿಲ್ಲೆಯು ರಚಿತವಾದಾಗ ಶಿವಮೊಗ್ಗೆಯಿಂದ ಚನ್ನಗಿರಿ, ಹೊನ್ನಾಳಿಗಳೂ ಚಿತ್ರದುರ್ಗದಿಂದ ಜಗಳೂರೂ ಬಂದು ಸೇರಿದುವು. ಹೊನ್ನಾಳಿಯಿಂದ ಒಡೆದ ನ್ಯಾಮತಿ ಈಗ ತಾನೇ ಒಂದು ತಾಲೂಕು. ಜಿಲ್ಲೆ ಒಂದಾದರೂ ನೆಲ ಒಂದೇ ಬಗೆಯದಲ್ಲ. ನ್ಯಾಮತಿ ಮಲೆನಾಡಿನ ಸೆರಗು. ಚನ್ನಗಿರಿಯಲ್ಲಿ ಅಡಕೆತೋಟಗಳ ಬೆನ್ನಿಗೇ ಉಬ್ರಾಣಿಯ ಗುಡ್ಡಗಳು. ಜಗಳೂರು ಮಳೆಗೆ ಬಡವಾದ ಸೀಮೆ. ಅಲ್ಲಿಯ ರಂಗಯ್ಯನದುರ್ಗದ ಒಣಕಾಡು 2011ರಲ್ಲಿ ಕೊಂಡುಕುರಿಗಳ ರಕ್ಷಣೆಗಾಗಿ ವನ್ಯಧಾಮವಾಯಿತು. ಆದರೆ ಎಲ್ಲೆಡೆಯೂ ಕ್ರಮವೊಂದೇ: ಏಪ್ರಿಲ್, ಮೇ ತಿಂಗಳುಗಳ ಗುಡುಗುಮಳೆಯ ಗಾಳಿ ಮರವನ್ನು ಕೆಡಹುತ್ತದೆ, ಮುಂದಿನ ಫೆಬ್ರವರಿ, ಮಾರ್ಚಿಯಲ್ಲಿ ಬೆಂಕಿಯು ಅದನ್ನು ಹುಡುಕಿಕೊಂಡು ಬರುತ್ತದೆ. ನಡುವೆ ಒಂಬತ್ತು ತಿಂಗಳ ಬಿಡುವುಂಟು. ಅದನ್ನು ನಾವು ಬಹುಮಟ್ಟಿಗೆ ಮರೆವಿನಲ್ಲಿಯೇ ಕಳೆಯುತ್ತೇವೆ.

ಬಿದ್ದ ಮರವೆಲ್ಲವೂ ಅಪಾಯವಲ್ಲ. ಬೆಂಕಿಗೆ ಮೊದಲ ತುತ್ತು ಬೆರಳುಗಾತ್ರದ ಪುಳ್ಳೆ, ತೇಗದ ತರಗು, ಒಣಹುಲ್ಲು. ದಪ್ಪ ದಿಮ್ಮಿ ಬೇಗನೆ ಹೊತ್ತಿಕೊಳ್ಳದು; ಹೊತ್ತಿದರೆ ಮಾತ್ರ ದಿನಗಟ್ಟಲೆ ಒಳಗೊಳಗೇ ಹೊಗೆಯಾಡುವುದು. ಆದುದರಿಂದ ಮೊದಲು ರೆಂಬೆಗಳನ್ನು ಸವರಬೇಕು. ನ್ಯಾಮತಿಯ ತೇವದಲ್ಲಿ, ಮನೆಗೆ ದೂರವಾಗಿ ನೆಲಕ್ಕೊತ್ತಿ ಮಲಗಿದ ದಿಮ್ಮಿಯನ್ನು ಅಣಬೆಗಳಿಗೂ ಹುಳುಗಳಿಗೂ ಬಿಡಬಹುದು. ಜಗಳೂರಿನ ಒಣಗಾಳಿಯಲ್ಲಿ ಅದು ಕೊಳೆಯುವುದಕ್ಕಿಂತ ಬೇಗ ಒಣಗುವುದರಿಂದ ಸಾಗಿಸುವುದೇ ಲೇಸು. ಗೋಡೆಗೊರಗಿಸಿದ ಸೌದೆ, ಹೆಂಚಿನ ಸಂದಿಯ ತರಗು, ಕೊಟ್ಟಿಗೆಗೆ ಹೊದೆಸಿದ ಅಡಕೆಯ ಸೋಗೆ, ಇವೇ ಮನೆಯ ನಿಜವಾದ ಶತ್ರುಗಳು. ಜ್ವಾಲೆ ಬಾಗಿಲವರೆಗೆ ಬರಬೇಕಾಗಿಲ್ಲ. ಗಾಳಿ ಹೊತ್ತು ತಂದ ಕಿಡಿಯೊಂದು ಸಾಕು.

ಬೇರುಸಹಿತ ಉರುಳಿದ ಮರವನ್ನು ಕೊಯ್ಯುವಾಗ, ಕಾಂಡ ಬೇರೆಯಾದೊಡನೆ ಬುಡವು ಥಟ್ಟನೆ ಹಿಂದಕ್ಕೆ ಕುಳಿತುಕೊಳ್ಳುವುದುಂಟು. ಆ ಕುಣಿಯಲ್ಲಿ ಯಾರೂ ನಿಲ್ಲಕೂಡದು, ಮಕ್ಕಳಂತೂ ಸುಳಿಯಲೇಕೂಡದು. ಬಿಲ್ಲಿನಂತೆ ಬಾಗಿದ ಕೊಂಬೆಯೂ ಅಷ್ಟೇ ವಂಚಕ. ಮರವು ವಿದ್ಯುತ್ ತಂತಿಯ ಮೇಲೆ ಬಿದ್ದಿದ್ದರೆ ಆ ಇಲಾಖೆಯವರು ಬರುವವರೆಗೂ ದೂರವಿರುವುದೇ ಕೆಲಸ. ಗಾಳಿಗೆ ಬಿದ್ದ ಮರಕ್ಕೆ ಅನುಮತಿಯನ್ನು ನಿರಾಕರಿಸಬಾರದೆಂದು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯು ವಿಧಿಸುತ್ತದೆ. ಆದರೆ ಕೇಳುವ ಹೊಣೆ ನಮ್ಮದು. ಬೇಲಿಯಾಚೆ ಮೀಸಲು ಅರಣ್ಯದಲ್ಲಿ ಬಿದ್ದುದು ಎಷ್ಟೇ ಹತ್ತಿರವಿದ್ದರೂ ನಮ್ಮದಲ್ಲ.

ಇನ್ನು ಸವರಿದ ರೆಂಬೆಗಳ ಗತಿ. ಬೆಂಕಿಯ ಭಯಕ್ಕೆಂದು ಗುಡಿಸಿ, ಗುಡ್ಡೆಹಾಕಿ, ಮಾರ್ಚಿಯ ಮಧ್ಯಾಹ್ನ ಆ ಗುಡ್ಡೆಗೇ ಬೆಂಕಿಯಿಡುವ ವಾಡಿಕೆ ನಮ್ಮಲ್ಲಿದೆ! ಕಾಳ್ಗಿಚ್ಚಿಗೆ ಇದಕ್ಕಿಂತ ಒಳ್ಳೆಯ ಆಮಂತ್ರಣ ಬೇಕೆ? ಮಳೆಗಾಲದಲ್ಲಿಯೇ ಕೊಚ್ಚಿ ಸಗಣಿಯೊಡನೆ ಗುಂಡಿಗೆ ತುಂಬಿದರೆ ಬೇಸಗೆಯ ಹೊತ್ತಿಗೆ ಅದರ ಬಹುಭಾಗ ಗೊಬ್ಬರದ ದಾರಿ ಹಿಡಿದಿರುವುದು.

ಡಿಸೆಂಬರು ಕಳೆಯುವುದರೊಳಗೆ ಮನೆಯ ಸುತ್ತ ಹತ್ತು ಹೆಜ್ಜೆಯಾದರೂ ಮಣ್ಣು ಕಾಣುವಂತೆ ಕೆತ್ತಿಸಬೇಕು. ಬೆಂಕಿಯು ಏರಿನಲ್ಲಿ ಓಡುವುದರಿಂದ ಇಳಿಜಾರಿನ ಕೆಳಮಗ್ಗುಲಲ್ಲಿ ಇಪ್ಪತ್ತಾದರೂ ಹೆಚ್ಚಲ್ಲ. ಕೊಳವೆಬಾವಿಯಿದೆಯೆಂದು ನಿಶ್ಚಿಂತರಾಗುವವರುಂಟು; ತಂತಿ ಸುಟ್ಟರೆ ಪಂಪು ನಿಲ್ಲುವುದು. ತೊಟ್ಟಿಯಲ್ಲಿ ನೀರು ತುಂಬಿರಲಿ, ಬಡಿದು ಆರಿಸಲು ಹಸಿಸೊಪ್ಪಿನ ಗಿಡ ಕೈಗೆಟುಕುವಂತಿರಲಿ, ತೋಟ ಕಾಯುವಾತನಿಗೆ ಅರಣ್ಯ ಠಾಣೆಯ ಸಂಖ್ಯೆ ಬಾಯಲ್ಲಿರಲಿ. ಬೆಂಕಿ ಬಂದ ದಿನ ಅಲ್ಲಿರುವಾತನು ಅವನೇ, ನಾವಲ್ಲ.