ಹೊಲದಲ್ಲಿ ಗೆದ್ದು ಕಣಜದಲ್ಲಿ ಸೋತ ಜೋಳ



ಬೆಳೆಯ ಇಳುವರಿಯನ್ನು ಕಣದಲ್ಲೇ ಅಳೆಯುವುದು ರೂಢಿ. ಆದರೆ ಮನೆ ನಡೆಸುವ ಹೆಣ್ಣುಮಗಳ ಲೆಕ್ಕ ಬೇರೆ. ಮುಂದಿನ ಸುಗ್ಗಿಯವರೆಗೆ ಕಣಜದಲ್ಲಿ ಎಷ್ಟು ಕಾಳು ಉಳಿಯಿತು ಎಂಬುದೇ ಆಕೆಗೆ ಮುಖ್ಯ. ಈ ಎರಡು ಲೆಕ್ಕಗಳ ಅಂತರವನ್ನು ಆಫ್ರಿಕದ ಪುಟ್ಟ ದೇಶ ಮಲಾವಿಯಲ್ಲಿ ಸ್ಪಷ್ಟವಾಗಿ ಕಾಣಬಹುದು.

'ಮೆಕ್ಕೆಜೋಳವೇ ಜೀವ' ಎಂಬುದು ಮಲಾವಿಯ ಜನರ ಮಾತು. ಅವರ ನಿತ್ಯದ ಊಟ 'ನ್ಸಿಮಾ'. ಅದು ನಮ್ಮ ಮುದ್ದೆಯಂಥದು, ಆದರೆ ಬಿಳಿ ಜೋಳದ ಹಿಟ್ಟಿನದು. ಹಳ್ಳಿಯ ಹೆಂಗಸರು ಜೋಳವನ್ನು ಒರಳಿಗೆ ಹಾಕಿ ಕುಟ್ಟಿ, ತೌಡು ತೆಗೆದು ಈ ಹಿಟ್ಟು ಮಾಡುತ್ತಿದ್ದರು. ಅದಕ್ಕೆ ಗಾಜಿನಂಥ ಗಟ್ಟಿಕಾಳೇ ಆಗಬೇಕು. ಮೆದುಕಾಳಾದರೆ ತೌಡಿನ ಜೊತೆಯಲ್ಲೇ ಪುಡಿಯಾಗಿ ಹೋಗುತ್ತದೆ.

ಹೈಬ್ರಿಡ್ ಯುಗದಲ್ಲಿ ಬಂದದ್ದು ಈ ಮೆದುಕಾಳೇ. 1960ರಲ್ಲಿ ಅಂದಿನ ರೊಡೇಷ್ಯಾದಲ್ಲಿ ಬಿಡುಗಡೆಯಾದ ಎಸ್.ಆರ್. 52 ಇದಕ್ಕೆ ಪ್ರಸಿದ್ಧ ಉದಾಹರಣೆ. ಒಣಗಿದ ಕಾಳಿನ ನೆತ್ತಿಯಲ್ಲಿ ಗುಳಿ, ಒಳಗೆ ಮೆತ್ತನೆಯ ಹಿಟ್ಟು. ಇಂಥ ತಳಿಗಳು ಹೊಲದಲ್ಲಿ ಭರ್ಜರಿ ಫಸಲು ಕೊಟ್ಟವು. ಕಣಜದಲ್ಲಿ ಹುಳುವಿನ ಪಾಲಾದವು. ಮಲಾವಿಯ ಸಣ್ಣ ರೈತರು ಹೈಬ್ರಿಡ್ ಅನ್ನು ಮಾರಾಟಕ್ಕೆ, ನಾಟಿ ಜೋಳವನ್ನು ಮನೆಗೆ ಎಂದು ಬೇರೆ ಮಾಡಿಕೊಂಡರು.

ಕುಟ್ಟೆ ಹಿಡಿಸುವ ಮೂತಿಹುಳುವಿನ ಬಾಳು ಕಾಳಿನೊಳಗೇ ನಡೆಯುತ್ತದೆ. ಹೆಣ್ಣುಹುಳು ಕಾಳಿಗೆ ತೂತು ಕೊರೆದು, ಒಂದು ಮೊಟ್ಟೆಯಿಟ್ಟು, ಬಾಯಿಯನ್ನು ಅಂಟಿನಿಂದ ಮುಚ್ಚುತ್ತದೆ. ಮರಿ ಒಳಗೇ ತಿಂದು ಬೆಳೆದು ಹೊರಬರುತ್ತದೆ. ಕಾಳು ಗಟ್ಟಿಯಾಗಿದ್ದು, ಸಿಪ್ಪೆಯಲ್ಲಿ ಫೀನಾಲಿಕ್ ಆಮ್ಲಗಳು ಹೆಚ್ಚಿದ್ದರೆ ಮೊಟ್ಟೆಗಳು ಕಡಿಮೆಯಾಗುತ್ತವೆ, ಮರಿಯ ಬೆಳವಣಿಗೆ ನಿಧಾನವಾಗುತ್ತದೆ. ಕಣಜದಲ್ಲಿ ಹುಳುವಿನ ಒಂದೆರಡು ಪೀಳಿಗೆ ತಪ್ಪಿದರೂ ಸಂಸಾರಕ್ಕೆ ದೊಡ್ಡ ಲಾಭ. ತೆನೆಯ ತುದಿಯನ್ನು ಬಿಗಿಯಾಗಿ ಮುಚ್ಚುವ ಸಿಪ್ಪೆಯೂ ಹುಳುವಿಗೆ ತಡೆ.

ಮಲಾವಿಯ ತಳಿವಿಜ್ಞಾನಿಗಳು ಕೊನೆಗೆ ಒರಳಿನ ಮಾತಿಗೂ ಕಿವಿಗೊಟ್ಟರು. ಮೆಕ್ಸಿಕೊದಲ್ಲಿ ಕೇಂದ್ರ ಕಚೇರಿಯುಳ್ಳ ಅಂತರರಾಷ್ಟ್ರೀಯ ಮೆಕ್ಕೆಜೋಳ ಮತ್ತು ಗೋಧಿ ಸಂಶೋಧನಾ ಸಂಸ್ಥೆಯಿಂದ ಗಟ್ಟಿಕಾಳಿನ ತಳಿಗಳನ್ನು ತರಿಸಿ ಸಂಕರಿಸಿದರು. 1990ರಲ್ಲಿ ಎಂ.ಎಚ್. 17 ಮತ್ತು ಎಂ.ಎಚ್. 18 ಎಂಬ ಅರೆಗಟ್ಟಿ ಕಾಳಿನ ಹೈಬ್ರಿಡ್‌ಗಳು ಹೊರಬಂದವು. ಇಳುವರಿಯೂ ಇತ್ತು, ಹಿಟ್ಟೂ ಒದಗಿತು. ಮನೆಬಳಕೆಗೂ ಹೈಬ್ರಿಡ್ ಬೆಳೆಯಲು ರೈತರು ಮುಂದಾದರು.

ಆದರೆ ಸಮಸ್ಯೆ ಅಲ್ಲಿಗೇ ಮುಗಿಯಲಿಲ್ಲ. ಮಧ್ಯ ಅಮೆರಿಕದ ದೊಡ್ಡ ಕಾಳುಕೊರಕ ಹುಳು 1970ರ ದಶಕದ ಕೊನೆಗೆ ಟಾಂಜಾನಿಯಕ್ಕೆ ಕಾಲಿಟ್ಟು, ಮುಂದೆ ಸುತ್ತಲಿನ ದೇಶಗಳಿಗೂ ಹರಡಿತು. ಅದು ಒಣಮರವನ್ನೂ ಕೊರೆಯಬಲ್ಲದು. ಕಾಳಿನ ಗಟ್ಟಿತನವೊಂದರಿಂದಲೇ ಅದನ್ನು ತಡೆಯಲಾಗದು. ಆದ್ದರಿಂದ ಕಿನ್ಯಾದ ಸಂಶೋಧಕರು ಗಾಜಿನ ಜಾಡಿಗಳಲ್ಲಿ ಕಾಳಿನ ಜೊತೆ ಎಣಿಸಿದ ಹುಳುಗಳನ್ನು ಬಿಟ್ಟು, ವಾರಗಟ್ಟಲೆ ಇಟ್ಟು, ಬಿದ್ದ ಪುಡಿಯನ್ನು ತೂಗಿ ತಳಿಗಳನ್ನು ಆರಿಸಿದರು. ತಡೆಯುವ ತಳಿಯ ಜೊತೆಗೆ ಚೆನ್ನಾಗಿ ಒಣಗಿಸುವುದು, ಗಾಳಿಯಾಡದ ಚೀಲದಲ್ಲಿ ಇಡುವುದು ಕೂಡ ಬೇಕೇ ಬೇಕು.

ಹುಳುವಿಗೆ ಹೆದರಿದ ಬಡ ರೈತ ಸುಗ್ಗಿಯಲ್ಲೇ ಅಗ್ಗಕ್ಕೆ ಮಾರುತ್ತಾನೆ; ಮಳೆಗಾಲದಲ್ಲಿ ಅದೇ ಜೋಳವನ್ನು ದುಬಾರಿ ಬೆಲೆಗೆ ಕೊಳ್ಳುತ್ತಾನೆ. ಕಣಜದಲ್ಲಿ ಬಾಳುವ ಬೀಜ ಅವನಿಗೆ ಕಾಯುವ ಶಕ್ತಿ ಕೊಡುತ್ತದೆ. ತಳಿಯ ಪರೀಕ್ಷೆ ಕಣದಲ್ಲಿ ಮುಗಿಯದೆ ಕಣಜದವರೆಗೂ ಸಾಗಬೇಕಾದದ್ದು ಇದಕ್ಕಾಗಿಯೇ.